ಅಮಾವಾಸ್ಯೆಯ ರಜೆ

ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗಿನ ಪುಟ್ಟ ಫ್ಯಾನಿನ ಮೇಲೆ ಹದಿನೈದೇ ದಿನಕ್ಕೆ ಹತ್ತಿಯ ನವಿರಾದ ನಾರು ಕೂತಿರುತ್ತದೆ. ಬನಹಟ್ಟಿಯಲ್ಲಿ, ಅದರಲ್ಲೂ ನಾಲ್ಕು ಮಗ್ಗಗಳು ಸದಾ ಗದ್ದಲ ಹಾಕುವ ನಮ್ಮಂಥ ನೇಕಾರರ ಮನೆಯಲ್ಲಿ, ಉಪ್ಪಿನಕಾಯಿಯ ಭರಣಿಯಿಂದ ಹಿಡಿದು ನನ್ನ ಮೀಸೆಯವರೆಗೆ ಎಲ್ಲದಕ್ಕೂ ಈ ಬಿಳಿಯ ಅಲಂಕಾರ ಉಚಿತ. ಮೀಸೆಯ ವಿಷಯದಲ್ಲಿ ಈಗ ನಾರು ಯಾವುದು, ವಯಸ್ಸು ಯಾವುದು ಎಂದು ನನಗೇ ತಿಳಿಯುವುದಿಲ್ಲ.

ಈ ಡಬ್ಬಿಯನ್ನು ನಾನು ಗಂಭೀರವಾಗಿ ‘ಸರ್ವರ್’ ಎನ್ನುತ್ತೇನೆ, ನನ್ನ ಹೆಂಡತಿ ‘ನಿಮ್ಮ ಡಬ್ಬಿ’ ಎನ್ನುತ್ತಾಳೆ. ಕೇಳಿದವರಿಗೆ ಕೇಳಿದ ಪುಟವನ್ನು ಕೊಡುವುದಷ್ಟೇ ಅದರ ಧರ್ಮ. ಅದರಲ್ಲಿರುವುದು ಗಲಗಲಿಯ ಈಚೆ ಕೃಷ್ಣೆಯ ದಂಡೆಯಲ್ಲಿದ್ದ ನನ್ನ ತಾಯಿಯ ತವರೂರಿನ ಚಿತ್ರಗಳು. ಅಣೆಕಟ್ಟಿನ ಹಿನ್ನೀರು ಏರುವ ಮುನ್ನ ನನ್ನ ಸೋದರಮಾವ ಎರವಲು ಕ್ಯಾಮೆರಾದಲ್ಲಿ ಓಣಿ, ಬಾವಿ, ಗುಡಿಗಳನ್ನು ಅವಸರದಲ್ಲಿ ಹಿಡಿದಿಟ್ಟಿದ್ದ. ಊರು ನೀರಿಗೆ ಹೋಯಿತು, ಜನ ದಿಕ್ಕಿಗೊಬ್ಬರಾದರು, ಚಿತ್ರಗಳು ಉಳಿದವು. ಬೇಸಿಗೆ ರಜೆಯನ್ನೆಲ್ಲ ಆ ಊರಿನಲ್ಲೇ ಕಳೆದ ನನಗೆ, ಈಗಲೂ ಯಾರಾದರೂ ‘ಊರಿಗೆ ಹೊಂಟೇನಿ’ ಎಂದರೆ ಹೋಗಲು ಊರಿಲ್ಲವೆಂಬುದು ನೆನಪಾಗುತ್ತದೆ.

ಸರ್ವರಿನ ಸೇವೆ ದೊಡ್ಡ ವಿದ್ಯೆಯೇನಲ್ಲ. ಧೂಳು ಒರೆಸಬೇಕು, ಚಿತ್ರಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು, ಕಾಲಕಾಲಕ್ಕೆ ಹೊಸ ತಂತ್ರಾಂಶ ಉಣಿಸಬೇಕು, ಬಂದುಹೋದವರ ವಿವರವನ್ನು ಅದು ತಾನಾಗಿ ಬರೆದಿಡುವ ದಿನಚರಿಯನ್ನು ಆಗಾಗ ಖಾಲಿ ಮಾಡಬೇಕು. ಈ ಕೊನೆಯದನ್ನು ನಾನು ಮರೆತಾಗ, ಅದು ಬಂದವರ ಸುದ್ದಿ ಬರೆದು ಬರೆದು ಡಿಸ್ಕನ್ನೆಲ್ಲ ತುಂಬಿಸಿ, ಕೊನೆಗೆ ಬಂದವರನ್ನು ಕೂರಿಸಲೇ ಜಾಗವಿಲ್ಲವೆಂದು ಕೈಚೆಲ್ಲಿ ಕೂತಿತ್ತು.

ಇಷ್ಟೆಲ್ಲ ಶಾಸ್ತ್ರಕ್ಕೆ ನಾನು ಮನೆತನದ ಒಂದು ಪದ್ಧತಿಯನ್ನೂ ಸೇರಿಸಿದ್ದೆ. ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಇಡೀ ದಿನ ವಿಶ್ರಾಂತಿ ಕೊಡುತ್ತೇವೆ. ಹಗಲಿರುಳು ದುಡಿಯುವ ಡಬ್ಬಿಯದೇನು ತಪ್ಪು? ಅದನ್ನೂ ಬೆಳಗ್ಗೆಯೇ ಬಂದ್ ಮಾಡಿ, ಕುಂಕುಮವಿಟ್ಟು, ಮರುದಿನ ಹೊತ್ತು ಮೂಡಿದ ಮೇಲೆ ಎಬ್ಬಿಸುತ್ತಿದ್ದೆ. ವರ್ಷಗಟ್ಟಲೆ ಹೀಗೆ ನಡೆಯಿತು. ಯಾರೂ ದೂರಲಿಲ್ಲ. ದೂರುವುದಾದರೂ ಹೇಗೆ? ಯಂತ್ರವೇ ಮಲಗಿದ್ದಾಗ ಮುಚ್ಚಿದ ಬಾಗಿಲಿಗೆ ಬಂದು ಹೋದವರನ್ನು ಬರೆದಿಡುವವರು ಯಾರು? ದಿನಚರಿಯಲ್ಲಿ ಹೆಸರಿಲ್ಲವೆಂದ ಮೇಲೆ ಯಾರೂ ಬಂದಿಲ್ಲವೆಂದು ನಾನು ನೆಮ್ಮದಿಯಾಗಿದ್ದೆ.

ಒಂದು ಪಾಡ್ಯದ ಬೆಳಗ್ಗೆ ಫೋನು ಬಂತು. ಪುಟದ ಕೆಳಗೆ ನಾನೇ ಜಂಬದಿಂದ ಹಾಕಿಕೊಂಡಿದ್ದ ನಂಬರಿಗೆ.

“ನಮ್ಮೂರ ಫೋಟೋ ಇಟ್ಟವರು ನೀವ ಏನ್ರಿ? ನಾ ಬೀರಪ್ಪ. ಬೀಳಗಿ ಹಂತ್ಯಾಕ ಹೊಸಾ ಊರಾಗ ಅದೇನಿ. ಒಮ್ಮೆ ಬೀಳಗಿ ಸಂತಿಗೆ ಬಂದಾಗ ಕಂಪ್ಯೂಟರ್ ಅಂಗಡ್ಯಾಗ ಗುಡಿ ಫೋಟೋ ತೋರಿಸಿದ್ರು. ಅವತ್ತಿಂದ ಅಮಾಸಿಗೊಮ್ಮೆ ಕಾಯಿ ತಗೊಂಡು ಅದ ಅಂಗಡಿಗೆ ಬರ್ತೇನಿ. ಬಂದಾಗೊಮ್ಮೆ ಬಾಗಲಾ ಹಾಕಿರತೈತಿ. ದೇವರಿಗೆ ಯಾಕ್ರಿ ಕೀಲಿ ಹಾಕ್ತೀರಿ?”

ಹೆಸರೇ ಹೇಳುತ್ತಿತ್ತು: ಕುರಿ ಕಾಯುವ ಮನೆತನದವನು, ಆ ಗುಡಿಯ ಬೀರೇಶ್ವರನ ಭಕ್ತ. ಹೊಸ ಊರಿನಲ್ಲೂ ಗುಡಿ ಕಟ್ಟಿದ್ದಾರಲ್ಲ ಎಂದು ನಾನು ತಡವರಿಸಿದೆ.

“ಕಟ್ಟೇವ್ರಿ, ಛಲೋ ಐತಿ. ಆದ್ರ ನಾ ಕೂಸಿದ್ದಾಗ ನಮ್ಮವ್ವ ನನ್ನ ಹಾಕಿ ದೇವರಿಗೆ ಬೇಡ್ಕೊಂಡಿದ್ದು ಆ ಹಳೇ ಗುಡಿ ಕಟ್ಟಿ ಮ್ಯಾಲ.”

ಯಂತ್ರಕ್ಕೆ ತೋರಿಸಿದ ಭಕ್ತಿಯಲ್ಲಿ ಒಬ್ಬ ಮನುಷ್ಯನನ್ನು ತಿಂಗಳು ತಿಂಗಳೂ ಬರಿಗೈಯಲ್ಲಿ ಬಸ್ಸು ಹತ್ತಿಸಿದ್ದೆ. ನಾಚಿಕೆಯಾಯಿತು. ಅಂದೇ ಡಬ್ಬಿಯ ರಜೆಯನ್ನು ಪಾಡ್ಯಕ್ಕೆ ಸರಿಸಿದೆ.

ಮುಂದಿನ ಅಮಾವಾಸ್ಯೆಗೆ ಮಗ್ಗಗಳು ಸುಮ್ಮನಿದ್ದವು, ಡಬ್ಬಿಯೊಂದೇ ಗುಂಯ್‌ಗುಡುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ದಿನಚರಿಯಲ್ಲಿ ಒಂದು ಸಾಲು ಮೂಡಿತು: ಗುಡಿಯ ಚಿತ್ರವನ್ನು ಯಾರೋ ಕೇಳಿದ್ದರು. ಸ್ವಲ್ಪ ಹೊತ್ತಿಗೆ ಅದೇ ಚಿತ್ರ ಮತ್ತೆ. ಮತ್ತೆ. ಮಧ್ಯಾಹ್ನ ಫೋನು.

“ಆತ್ರಿ. ಅಂಗಡಿ ಹೊಸ್ತಲದಾಗ ಕಾಯಿ ಒಡದ್ವಿ, ಅಂಗಡ್ಯಾವ್ರೂ ಪ್ರಸಾದ ತಗೊಂಡ್ರು. ಒಂದ ಮಾತ್ರಿ, ಗುಡಿ ಎಡಕ್ಕ ಅರ್ಧಾ ಮನಿ ಕಾಣತೈತಿ. ಅದು ಯಾರದು ನೆನಪಾಗವಲ್ದು.”

ಆ ಚಿತ್ರವನ್ನು ನೂರಾರು ಸಲ ನಕಲು ಮಾಡಿದ್ದೆ. ಕಣ್ಣಿಟ್ಟು ನೋಡಿ ವರ್ಷಗಳಾಗಿದ್ದವು. ಅದು ನನ್ನ ಅಜ್ಜನ ಮನೆ.

“ನಮ್ಮವ್ವನ ತವರಮನಿರಿ,” ಎಂದೆ.

“ಅಯ್ಯ, ಹಂಗಾರ ನೀ ನಮ್ಮೂರ ಮಗಳ ಮಗಾ ಅದಿ! ದೂರ ಕುಂತು ಏನ ಮಾಡ್ತಿ? ಮುಂದಿನ ಅಮಾಸಿಗೆ ಊರಿಗೆ ಬಾ.”

ಊರಿಗೆ ಬಾ ಎಂದು ನನ್ನನ್ನು ಯಾರೂ ಕರೆಯದೆ ಎಷ್ಟು ಕಾಲವಾಗಿತ್ತು! ಮುಂದಿನ ಅಮಾವಾಸ್ಯೆಯ ಬೆಳಗ್ಗೆ, ಡಬ್ಬಿಯನ್ನು ಹೆಂಡತಿಯ ವಶಕ್ಕೆ ಒಪ್ಪಿಸಿ, ಕೈಯಲ್ಲೊಂದು ತೆಂಗಿನಕಾಯಿ ಹಿಡಿದು, ನನ್ನದೇ ಕೋಣೆಯಲ್ಲಿರುವ ಚಿತ್ರವೊಂದನ್ನು ನೋಡಲು ನಾನು ಬೀಳಗಿಗೆ ಹೊರಟೆ.