ಕಾಶಿರಾಮನ ಒಂದು ಮುಷ್ಟಿ ಉಪ್ಪು

ಹುಮನಾಬಾದಿನ ಕಾಶಿರಾಮನ ಉಗುರುಗಳ ಬುಡದಲ್ಲಿ ಸದಾ ನೀಲಿ ಗೆರೆ. ಸಾಬೂನು ಸೋಮವಾರದಿಂದ ಶನಿವಾರದವರೆಗೆ ಅದರ ಜೊತೆ ಚೌಕಾಸಿ ಮಾಡುತ್ತದೆ. ಭಾನುವಾರ ಮತ್ತೆ ಹೊಸ ಗೆರೆ ಬಂದು ಕೂರುತ್ತದೆ. ಮಾಸಿದ ಸೀರೆಗೆ ಬಣ್ಣ ಹಾಕಿ ಕೊಡುವುದು ಮೂರು ತಲೆಮಾರಿನಿಂದ ಅವನ ಮನೆಯ ಕಸುಬು. ಹೊಸ ಸೀರೆ ಅಗ್ಗವಾದ ಮೇಲೆ ಹಳೆಯದನ್ನು ತರುವವರು ಕಡಿಮೆಯಾದರು. ಬಣ್ಣ ಕುದಿಸುವ ಕಡಾಯಿಗೆ ಭಾನುವಾರವೊಂದೇ ಉಳಿಯಿತು. ಮಿಕ್ಕ ದಿನ ಅವನು ಬಸ್ಸು ಹತ್ತಿ ಬಸವಕಲ್ಯಾಣದ ಕಾಲೇಜೊಂದಕ್ಕೆ ಹೋಗುತ್ತಾನೆ. ಅಲ್ಲಿ ಪ್ರಯೋಗಾಲಯದ ಅಟೆಂಡರ್.

ಅದು ವರ್ಷವರ್ಷವೂ ಮುಂದುವರಿಸಬೇಕಾದ ತಾತ್ಕಾಲಿಕ ಕೆಲಸ. ಅರ್ಜಿಯ ಕೆಳಗೆ ಪ್ರಯೋಗಾಲಯದ ಮುಖ್ಯಸ್ಥೆ ಮನೀಷಾ ಮೇಡಂ ಎರಡು ಸಾಲು ಒಳ್ಳೆಯದು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲ ಆ ಅರ್ಜಿ ಶನಿವಾರ ಪ್ರಿನ್ಸಿಪಾಲರ ಮೇಜಿಗೆ ಹೋಗಬೇಕಿತ್ತು.

ಅದೇ ವಾರ ಎಂ.ಎಸ್‌ಸಿ. ಕೊನೆಯ ವರ್ಷದ ಜಗದೇವಿ, ಮಂಠಾಳದ ಹುಡುಗಿ, ತನ್ನ ಪ್ರಯೋಗಕ್ಕೆ ಕೂತಳು. ನೀರಿನಲ್ಲಿ ಕರಗಿಸಿದ ಡಿಎನ್ಎ, ಅದಕ್ಕೆ ಒಂದಿಷ್ಟು ನೀಲಿ ಬಣ್ಣ. ಕಾಶಿರಾಮನ ಕಿವಿ ನೆಟ್ಟಗಾಯಿತು.

"ಇದಕ್ಯಾಕವಾ ಬಣ್ಣ? ಮಾಸೇದೇನು?"

ಜಗದೇವಿ ನಕ್ಕಳು. "ಮಾಸಿಲ್ಲ ಕಾಕಾ. ಡಿಎನ್ಎ ಅಂದ್ರ ಎರಡ ಎಳಿ ಹೆಣೆದ ಹಗ್ಗ ಇದ್ದಾಂಗ. ಕಾಸಿದ್ರ ಎಳಿ ಬಿಚ್ಚತಾವ. ಬಣ್ಣದ ಕಣ ಆ ಎಳಿಗಳ ನಡುವ ತೂರಿ ಕುಂತ್ರ ಲಗೂ ಬಿಚ್ಚಂಗಿಲ್ಲ. ಎಷ್ಟ ಬಿಸಿ ತಡೀತದ ಅಂತ ಅಳೀಬೇಕು."

ಕಾಸಿ ನೋಡುವುದು! ಅವನ ಅಪ್ಪ ಗಿರಾಕಿಯ ಎದುರೇ ಒಂದು ದಾರವನ್ನು ಕುದಿಯುವ ನೀರಿಗೆ ಬಿಟ್ಟು ಬಣ್ಣದ ಗಟ್ಟಿತನ ತೋರಿಸುತ್ತಿದ್ದ. ಅದನ್ನೇ ಇವರು ಇಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಮಾಡುತ್ತಾರೆಂದು ತಿಳಿದು ಕಾಶಿರಾಮನಿಗೆ ಸ್ವಲ್ಪ ಮರುಕವೂ ಆಯಿತು.

ಮೊದಲ ದಿನ, ಒಂದು ನಳಿಕೆಯಲ್ಲಿದ್ದ ಬಣ್ಣವಿಲ್ಲದ ಡಿಎನ್ಎ ಅರವತ್ತೆರಡು ಡಿಗ್ರಿಗೆ ಬಿಚ್ಚಿಕೊಂಡಿತು. ಇನ್ನೊಂದರಲ್ಲಿ ಬಣ್ಣವಿದ್ದದ್ದು ಎಪ್ಪತ್ತರವರೆಗೆ ತಡೆಯಿತು. "ಇನ್ನ ನಾಕ ಡಿಗ್ರಿ ಏರಿದ್ರ ಚಂದ ಇತ್ತು ಕಾಕಾ," ಎಂದು ಜಗದೇವಿ ಚೀಲ ಹೆಗಲಿಗೇರಿಸಿಕೊಂಡು ಹೋದಳು.

ನಾಲ್ಕು ಡಿಗ್ರಿ ಏನು ಮಹಾ! ಬಣ್ಣ ಸರಿಯಾಗಿ ಹಿಡಿಯದಿದ್ದರೆ ಕಡಾಯಿಗೆ ಒಂದು ಮುಷ್ಟಿ ಉಪ್ಪು ಹಾಕಬೇಕು, ಅವರ ಮನೆಯಲ್ಲಿ ನಡೆಯಲು ಕಲಿತ ಕೂಸಿಗೂ ಅದು ಗೊತ್ತು. ಎರಡೂ ನಳಿಕೆಗಳಲ್ಲಿ ಡಿಎನ್ಎ ಕರಗಿಸಲು ಬಳಸುವ ದ್ರಾವಣದ ದೊಡ್ಡ ಬಾಟಲಿ ಮೇಜಿನ ಮೇಲಿತ್ತು. ಉಪ್ಪಿನ ಡಬ್ಬಿ ಕಪಾಟಿನಲ್ಲಿತ್ತು. ಕಾಶಿರಾಮ ಎರಡನ್ನೂ ಕೂಡಿಸಿದ. ಉಪ್ಪು ಕರಗಿ ಕಾಣದಂತಾಯಿತು. ಯಾರಿಗೂ ಹೇಳಲಿಲ್ಲ, ಕಸುಬಿನ ಗುಟ್ಟು ಪುಕ್ಕಟೆ ಕೊಡುವ ಮನೆತನ ಅವನದಲ್ಲ.

ಮರುದಿನ ಎರಡೂ ನಳಿಕೆಗಳು ತೊಂಬತ್ತರ ಹತ್ತಿರ ಬಿಚ್ಚಿಕೊಂಡವು. ಬಣ್ಣ ಹಾಕಿದ್ದೂ ಅಷ್ಟೇ, ಹಾಕದ್ದೂ ಅಷ್ಟೇ. ಮೂರನೆಯ ದಿನವೂ ಅದೇ ಕತೆ.

ಶುಕ್ರವಾರ ಮನೀಷಾ ಮೇಡಂ ಅಳತೆಯ ಕಾಗದ ನೋಡಿ ಸಿಡುಕಿದರು. "ಏನ್ ಅಳ್ಯಾಕತ್ತೀ ಜಗದೇವಿ? ಬಣ್ಣ ಹಾಕೂದೇ ಮರತಿಯೇನು? ಹಿಂಗಾದ್ರ ಈ ಪ್ರಯೋಗ ಬಿಡು. ಬ್ಯಾರೆ ವಿಷಯ ತಗೋ, ಮುಂದಿನ ವರ್ಷ ಮುಗಸು."

ಜಗದೇವಿಯ ಕಣ್ಣು ತುಂಬಿದವು. ಮೂಲೆಯಲ್ಲಿ ನಳಿಕೆ ತೊಳೆಯುತ್ತಿದ್ದ ಕಾಶಿರಾಮನ ಕೈ ನಿಂತಿತು. ಬಾಯಿ ಮುಚ್ಚಿಕೊಂಡಿದ್ದರೆ ಶನಿವಾರ ಸುಸೂತ್ರ. ಬಾಯಿ ಬಿಟ್ಟರೆ ಕೆಲಸ ಹೋಗಬಹುದು, ಆ ಲೆಕ್ಕ ಅವನಿಗೆ ತಿಳಿಯದ್ದೇನಲ್ಲ. ಆದರೆ ಹುಡುಗಿಯ ವರ್ಷ ಹೋಗುತ್ತದಲ್ಲ? ಅದರ ಜೊತೆಗೆ ಇನ್ನೊಂದು ಪ್ರಶ್ನೆ ಎರಡು ದಿನದಿಂದ ಅವನಿಗೆ ಊಟ ರುಚಿಸಗೊಟ್ಟಿರಲಿಲ್ಲ.

"ಮೇಡಂ, ಹುಡುಗೀದ ತಪ್ಪಿಲ್ರಿ. ಆ ಬಾಟ್ಲಿಗಿ ನಾನೇ ಒಂದ ಮುಷ್ಟಿ ಉಪ್ಪ ಹಾಕೀನ್ರಿ."

ಇಬ್ಬರೂ ಅವನತ್ತ ತಿರುಗಿದರು.

"ಬೈರಿ, ಆಮ್ಯಾಲ ಬೈರಿ. ಮದಲ ಇದೊಂದ ಹೇಳ್ರಿ. ಸೀರಿ-ಅರಿವಿಗಿ ಉಪ್ಪ ಹಾಕಿದ್ರ ಬಣ್ಣ ಗಟ್ಟಿ ಹಿಡೀತದ. ಇಲ್ಲಿ ಯಾಕ ಬಿಟ್ಟು ಹೋಯ್ತ್ರಿ?"

ಬೈಯಲು ಬಾಯಿ ತೆರೆದಿದ್ದ ಮೇಡಂ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಕುರ್ಚಿ ಎಳೆದು ಕೂತರು. "ನಿಮ್ಮ ಬಣ್ಣಕ್ಕೂ ಅರಿವಿಗೂ ಒಂದೇ ಥರದ ವಿದ್ಯುತ್ ಅಂಶ ಇರ್ತದ. ಒಂದನ್ನೊಂದು ದೂಡ್ತಾವ. ಉಪ್ಪು ನಡುವ ಬಂದು ಜಗಳ ಬಿಡಸ್ತದ. ಇಲ್ಲಿ ಹಂಗಲ್ಲ. ಈ ನೀಲಿಗೂ ಡಿಎನ್ಎಗೂ ವಿರುದ್ಧ ಅಂಶ, ತಾವಾಗೇ ಕೂಡ್ತಾವ. ನೀವು ಉಪ್ಪು ಸುರುವಿದ್ರಿ. ಅದರ ಕಣ ಹೋಗಿ ಡಿಎನ್ಎ ಸುತ್ತ ಮುತ್ತಿಕೊಂಡ್ವು."

"ಹಾಂ! ನಮ್ಮ ಹುಮನಾಬಾದ ಬಸ್ಸಿನಾಗ ಕಿಡಕ್ಯಾಗಿಂದ ಟವೆಲ್ ಒಗದು ಸೀಟ ಹಿಡದಾಂಗ!"

"ಹೌದು. ಬಣ್ಣ ನಿಂತೇ ಉಳೀತು."

"ಖರೆ. ಆದ್ರ ಬಣ್ಣ ಇಲ್ಲದ್ದೂ ತೊಂಬತ್ತರ ತನಕ ಹ್ಯಾಂಗ ತಡೀತ್ರಿ?"

"ಆ ಎರಡ ಎಳಿನೂ ಒಂದನ್ನೊಂದು ದೂಡ್ತಿರ್ತಾವ. ಉಪ್ಪು ಆ ಜಗಳಾನೂ ಬಿಡಸ್ತು."

ಕಾಶಿರಾಮ ಒದ್ದೆ ಕೈಯಲ್ಲೇ ಗದ್ದ ತುರಿಸಿಕೊಂಡ. "ಹಂಗಾದ್ರ ಮುಷ್ಟಿ ಬ್ಯಾಡ, ಒಂದ ಚಿಟಿಕಿ ಹಾಕಿದ್ರ? ಅರ್ಧಾ ಸೀಟ ಖಾಲಿ ಉಳೀತಾವಲ್ರಿ?"

ಮೇಡಂ ಜಗದೇವಿಯ ಮುಖ ನೋಡಿದರು. ಜಗದೇವಿ ಆಗಲೇ ಕಣ್ಣೊರೆಸಿಕೊಂಡು ತಕ್ಕಡಿಯ ಕಡೆ ಹೊರಟಿದ್ದಳು. ಉಪ್ಪಿಲ್ಲದ್ದು, ಚಿಟಿಕೆಯದ್ದು, ಅದರ ದುಪ್ಪಟ್ಟು ಹೀಗೆ ಐದು ದ್ರಾವಣಗಳನ್ನು ಹೊಸದಾಗಿ ಮಾಡಿ ಅಳೆದರು. ಉಪ್ಪು ಏರಿದಂತೆಲ್ಲ ಎರಡು ನಳಿಕೆಗಳ ಅಂತರ ಇಳಿಯುತ್ತ ಬಂತು: ಎಂಟು, ಆರು, ಮೂರು, ಒಂದು, ಕೊನೆಗೆ ಏನೂ ಇಲ್ಲ. ಜಗದೇವಿಯ ಪ್ರಬಂಧಕ್ಕೆ ಒಂದು ಅಧ್ಯಾಯ ಹೆಚ್ಚಾಯಿತು. ಕಾಶಿರಾಮನಿಗೆ ದಿನದ ಬಸ್ಸು ತಪ್ಪಿತು, ಕೊನೆಯ ಬಸ್ಸಿಗೆ ಮನೆಗೆ ಹೋದ.

ಶನಿವಾರ ಅರ್ಜಿಯನ್ನು ಪ್ರಿನ್ಸಿಪಾಲರ ಕೋಣೆಗೆ ಒಯ್ಯುವ ಕೆಲಸವೂ ಅವನದೇ. ದಾರಿಯಲ್ಲಿ ನಿಂತು ಓದಿಕೊಂಡ. ಮೇಡಂ ಲೆಕ್ಕ ಹಾಕಿದಂತೆ ಎರಡೇ ಸಾಲು ಬರೆದಿದ್ದರು: "ಕೇಳದೆ ಕೈ ಹಾಕುತ್ತಾರೆ, ಆದರೆ ಹಾಕಿದ್ದನ್ನು ಮುಚ್ಚಿಡುವುದಿಲ್ಲ. ಮುಂದುವರಿಸಬಹುದು, ಉಪ್ಪಿನ ಕಪಾಟಿನ ಬೀಗದ ಕೈ ನನ್ನ ಬಳಿ ಇರುತ್ತದೆ."