ಬರೀ ಶೀತ

ಹೋದ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ, ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿ ಬೈಸಿಕೊಂಡೆ.

"ಶೀತ ಆಗಿರೋ ಮನೆಗೆ ಕಿತ್ಲೆ ಅಣ್ಣು ತತ್ತಾರೇನಪ್ಪ?" ಎಂದರು ವೆಂಕಟಮ್ಮ. ನನ್ನ ತಂಗಿ ಸರೋಜಳ ಅತ್ತೆ. ಮನೆ ಚಿನ್ನದ ಗಣಿಗಳ ಕೋರಮಂಡಲ್‌ನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ಬಂಗಾರಪೇಟೆಯಿಂದ ರೈಲು ಹಿಡಿದು ನಾನು ಹೋಗಿದ್ದು ಸರೋಜಳ ಮಗನನ್ನು ನೋಡಲು. ಇನ್ನೂ ವರ್ಷ ತುಂಬದ ಕೂಸು. ನೋಡುವುದಿರಲಿ, ಮೊದಲು ಹುಡುಕಬೇಕಾಯಿತು.

ಸ್ವೆಟರಿನ ಮೇಲೆ ಸ್ವೆಟರು. ಅದರ ಮೇಲೆ ಕೂಸಿನ ಅಪ್ಪನ ಟವೆಲ್ಲು. ಅದರ ಮೇಲೆ ಕಂಬಳಿ. ತಲೆಗೆ ಪಕ್ಕದ ಮನೆಯ ಪೊನ್ನಮ್ಮ ಕೊಟ್ಟ ಉಣ್ಣೆ ಟೋಪಿ. (ಈ ಲೈನಿನಲ್ಲಿ ಮಗು ಮಲಗಿದರೆ ನೋಡಲು ಬಂದವರೆಲ್ಲ ಒಂದೊಂದು ಬಟ್ಟೆ ಹೊದಿಸಿ ಹೋಗುತ್ತಾರೆ. ಪ್ರೀತಿ ಅಂದರೆ ಅದು.) ಎಲ್ಲದರ ನಡುವೆ ಒಂದು ಪುಟ್ಟ ಮೂಗು ಕಂಡಿತು.

ಧನುರ್ಮಾಸದ ಚಳಿ, ಒಪ್ಪೋಣ. ಆದರೆ ಬಿಸಿಲೇರಿದ್ದರೂ ಬಾಗಿಲು ಮುಚ್ಚಿತ್ತು. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದ್ದರು. ಮೂಲೆಯಲ್ಲಿ ಕೆಂಡದ ಮಡಕೆ, ಅದರೊಳಗೆ ಸಾಂಬ್ರಾಣಿ. ನನಗೇ ಕೆಮ್ಮು ಬಂತು. (ಕೆಮ್ಮಿದ್ದಕ್ಕೂ ಬೈಸಿಕೊಂಡೆ.)

ಕೆಮ್ಮು ನಿಂತ ಮೇಲೆ ಒಂದು ಸದ್ದು ಕೇಳಿಸಿತು. ಕಂಬಳಿಯೊಳಗಿಂದ. ಪ್ರತಿ ಉಸಿರಿಗೂ ಸಣ್ಣದಾಗಿ ನರಳುವ ಸದ್ದು.

"ಏನಮ್ಮ ಇದು ಸದ್ದು?"

"ನಿದ್ದೆ ಮಾಡ್ತಾವ್ನೆ ಕಣಪ್ಪ. ಬರೀ ಶೀತ."

ಸರೋಜ ತಲೆ ಎತ್ತಲಿಲ್ಲ. "ಬೆಳಗಿಂದ ಆಲೇ ಮುಟ್ಟಿಲ್ಲ ಅಣ್ಣ," ಎಂದಳು.

ಆಸ್ಪತ್ರೆಗೆ ಹೋಗೋಣ ಎಂದೆ. ವೆಂಕಟಮ್ಮ ಎದ್ದು ಬಾಗಿಲಿಗೆ ಅಡ್ಡ ಕೂತರು. "ಅಲ್ಲಿ ಬಟ್ಟೆಯೆಲ್ಲಾ ಬಿಚ್ಚಿ ಕಬ್ಬಿಣದ ಮೇಜಿನ ಮ್ಯಾಲೆ ಮಲಗಿಸ್ತಾರೆ. ಕಿಟಕಿ ಬ್ಯಾರೆ ತೆಗೆದಿಟ್ಟಿರ್ತಾರೆ. ಶೀತ ಒಳಕ್ಕೆ ಇಳಿದೋಗ್ತದೆ. ಬ್ಯಾಡ."

ಇದು ಹಟ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಆಮೇಲೆ ಅವರ ತಲೆಯ ಮೇಲಿನ ಗೋಡೆ ನೋಡಿದೆ. ಹಾರ ಹಾಕಿದ ಫೋಟೊ. ಅವರ ಯಜಮಾನರು. ಗಣಿಯ ಕಲ್ಲಿನ ಧೂಳು ಎದೆಯಲ್ಲಿ ಕೂತು, ಆಸ್ಪತ್ರೆಗೆ ಹೋಗಿ, ನಾಲ್ವರ ಹೆಗಲ ಮೇಲೆ ವಾಪಸ್ ಬಂದವರು. ಲೈನಿನಲ್ಲಿ ಅಂಥ ಫೋಟೊ ಎಷ್ಟು ಮನೆಯಲ್ಲಿಲ್ಲ? ಅದಕ್ಕೇ ಇಲ್ಲಿಯ ಹೆಂಗಸರು 'ಎದೆ' ಎಂಬ ಮಾತನ್ನೇ ಆಡುವುದಿಲ್ಲ. ಆಡಿದರೆ ಕಾಯಿಲೆ ಒಳಗೆ ಬಂದುಬಿಡುತ್ತದೆ ಎಂಬ ಭಯ. ಕೆಮ್ಮಿದರೂ ಶೀತ, ಜ್ವರ ಬಂದರೂ ಶೀತ, ಉಸಿರು ಕಟ್ಟಿದರೂ ಶೀತ.

ನಾನು ಇನ್ನೇನು ವಾದಕ್ಕೆ ಇಳಿಯಬೇಕು, (ವಾದದಲ್ಲಿ ನಾನು ಗಟ್ಟಿಗ, ನಿಮಗೇ ಗೊತ್ತು) ಸರೋಜ ಮಗುವಿನ ಕಂಬಳಿ ತೆಗೆದಳು. ಟವೆಲ್ಲು ತೆಗೆದಳು. ಸ್ವೆಟರುಗಳನ್ನು ಎತ್ತಿದಳು. ಅತ್ತೆ "ಏನೇ ಅದು" ಎನ್ನುತ್ತಿದ್ದರೂ ಅವಳ ಕೈ ನಿಲ್ಲಲಿಲ್ಲ.

ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಷ್ಟು ವೇಗ ಅಂದರೆ, ಎಣಿಸಲು ಹೋದ ನನಗೆ ತಪ್ಪಿಹೋಯಿತು. ಎರಡು ದಿನದಿಂದ ಊರೆಲ್ಲ ಬಂದು ನೋಡಿದ ಮಗು. ನೋಡಿದ್ದು ಬರೀ ಬಟ್ಟೆಯನ್ನು.

"ಅತ್ತೆ," ಎಂದಳು ಸರೋಜ. "ಮಗೀಗೆ ಎದೆ ಎಳೀತಾ ಐತೆ."

ಸೊಸೆ ಆ ಮಾತನ್ನು ಆಡಿಬಿಟ್ಟಿದ್ದಳು. ವೆಂಕಟಮ್ಮ ಒಮ್ಮೆ ಮಗುವಿನ ಎದೆ ನೋಡಿದರು. ಗೋಡೆಯ ಕಡೆ ನೋಡಲಿಲ್ಲ. ಎದ್ದು ಮಗುವನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡು, ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಬರಿಗಾಲಲ್ಲಿ ಬೀದಿಗೆ ಇಳಿದಿದ್ದರು.

ನ್ಯುಮೋನಿಯಾ ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಇಟ್ಟರು. "ಉಸಿರು ಹೀಗೆ ಯಾವಾಗಿಂದ?" ಎಂದು ಕೇಳಿದರು. "ಬಟ್ಟೆ ಎತ್ತಿ ನೋಡಿದ್ದೇ ಈಗ," ಎಂದಳು ಸರೋಜ. ಕೆಂಡ, ಸಾಂಬ್ರಾಣಿ, ಗೋಣಿಚೀಲದ ಸಂಗತಿ ಕೇಳಿ ಅವರು ರೇಗಲಿಲ್ಲ. ಬೆಚ್ಚಗಿಡಿ, ಆದರೆ ಹೊಗೆ ಬೇಡ, ಗಾಳಿ ಆಡಲಿ ಎಂದರು. ಉಸಿರು ಜೋರಾದರೆ, ಹಾಲು ಬಿಟ್ಟರೆ ಕಾಯಬೇಡಿ, ಕರೆದುಕೊಂಡು ಬನ್ನಿ ಎಂದರು. ಇಷ್ಟು ತಿಳಿಯಲು ಡಾಕ್ಟರೇ ಬೇಕಾಯಿತೇ?

ಆ ಬೆಂಚಿನ ಮೇಲೆ ಕೂತ ಹೊತ್ತನ್ನು ನಾನು ಬರೆಯಲಾರೆ. ವೆಂಕಟಮ್ಮ ಉಣ್ಣೆ ಟೋಪಿಯನ್ನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು. ಗಣಿಯಿಂದ ನೇರವಾಗಿ ಬಂದ ಸರೋಜಳ ಗಂಡ ಒಳಗೆ ಬರಲು ಹೆದರಿ, ಮೈಯ ಧೂಳನ್ನು ಕೊಡವುತ್ತ ಹೊರಗೇ ನಿಂತಿದ್ದರು. ಮರುದಿನ ಮಧ್ಯಾಹ್ನ ಮಗು ಹಾಲು ಕುಡಿಯಿತು. ಸರೋಜ ಆಗ ಅತ್ತಳು.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಕಿಟಕಿ ತೆರೆದಿತ್ತು. ಮಗು ಒಂದೇ ಅಂಗಿಯಲ್ಲಿ ನನ್ನ ಕನ್ನಡಕ ಕೀಳುತ್ತಿತ್ತು. ನಾನು ನಿರಾಳವಾಗಿ ಕಾಫಿ ಕುಡಿಯುವಾಗ ಪೊನ್ನಮ್ಮ ಬಾಗಿಲಲ್ಲಿ ನಿಂತರು. ಕಂಕುಳಲ್ಲಿ ಮೊಮ್ಮಗಳು. ಮೂಗು ಸುರಿಯುತ್ತಿತ್ತು.

"ಆ ಟೋಪಿ ಕೊಡಮ್ಮಾ. ಇವಳಿಗೂ ಶುರುವಾಗಿದೆ. ಆಸ್ಪತ್ರೆಗೆ ಓಡಿದಿರಲ್ಲ, ನಿಮ್ಮ ಕೊಳಂದೆಗೆ ಏನಾಗಿತ್ತು?"

ವೆಂಕಟಮ್ಮ ಟೋಪಿ ತಂದುಕೊಟ್ಟರು. ಅವರ ತುಟಿ ಅಲುಗಿದ್ದನ್ನು ನಾನು ನೋಡಿದೆ. ಹೇಳುತ್ತಾರೆ ಅಂದುಕೊಂಡೆ.

"ಏನಿಲ್ಲಮ್ಮ," ಎಂದರು. "ಬರೀ ಶೀತ."

ಸರೋಜ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೊರಟ ಪೊನ್ನಮ್ಮನ ಹಿಂದೆಯೇ ಓಡಿದಳು. ನಿಜ ಹೇಳಲು ಅವಳು ಅಲ್ಲಿದ್ದಳು, ಸರಿ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಮಗುವಿಗೆ ಬರೀ ಶೀತವೇ? ಅಂಗಿ ಎತ್ತಿ ನೋಡಿದಿರಾ?