ಬ್ರುಗ್ಗೆಗೆ ಹೋಗುವ ದಾರಿ, ಮೂರು ಮೆಸೇಜ್ ಕಡಿಮೆ

ಕಳೆದ ತಿಂಗಳು ನನ್ನ ಹೆಂಡತಿ ಬೆಲ್ಜಿಯಂನಲ್ಲಿ ದಾರಿ ತೋರಿಸಿದಳಂತೆ. ನನಗಲ್ಲ. ಗಿರಿಜಾಗೆ.

ನಳಿನಿ ತೀರಿಕೊಂಡು ಏಳು ತಿಂಗಳಾಯಿತೆಂದು ಈ ಅಂಕಣ ಓದುವ ನಿಮಗೆ ಗೊತ್ತಿದೆ. ಹೊಸಬರಿಗೆ ಹೇಳುತ್ತಿದ್ದೇನೆ: ಫೆಬ್ರವರಿಯ ಒಂದು ಬೆಳಿಗ್ಗೆ, ಹೃದಯ, ಇಪ್ಪತ್ತು ನಿಮಿಷ. ಅದರ ಬಗ್ಗೆ ಇವತ್ತು ಬರೆಯುವುದಿಲ್ಲ. ಇವತ್ತು ಬರೆಯುತ್ತಿರುವುದು ಹೊಟ್ಟೆಕಿಚ್ಚಿನ ಬಗ್ಗೆ.

ಗಿರಿಜಾ ಧಾರವಾಡದವಳು. ಹದಿನೆಂಟು ವರ್ಷದ ಹಿಂದೆ ನಾವು ಅಮೆರಿಕದ ಮಿಷಿಗನ್‌ನ ಈ ಕ್ಯಾಂಟನ್ ಊರಿಗೆ ಬಂದಾಗ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಬಾಗಿಲು. ನಾಲ್ಕು ವರ್ಷದಲ್ಲಿ ಅವಳ ಗಂಡ ಬಸವರಾಜನ ಕೆಲಸ ಚಿಕಾಗೋ ಕಡೆಗೆ ಹೋಯಿತು. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ ಮಾಡಿದರು. ಹೆಂಗಸರಿಬ್ಬರ ಮಾತು ಮಾತ್ರ ನಿಲ್ಲಲಿಲ್ಲ.

ಹಡಗಿನಲ್ಲಿ ಯುರೋಪ್ ನೋಡಬೇಕೆಂಬುದು ಆ ಇಬ್ಬರ ಆಸೆ. ನಳಿನಿ ನನ್ನನ್ನೂ ಕರೆದಿದ್ದಳು. "ನೀರು ನೋಡೋಕೆ ಅಷ್ಟು ದೂರ ಯಾಕೆ? ಮಿಷಿಗನ್ ಸುತ್ತ ಇರೋದೇನು?" ಎಂದಿದ್ದೆ. ಅದನ್ನು ಜೋಕು ಎಂದುಕೊಂಡಿದ್ದೆ. ಅವಳು ಎರಡನೇ ಸಲ ಕೇಳಲಿಲ್ಲ. ಗಿರಿಜಾಗೊಂದು, ತನಗೊಂದು ಟಿಕೆಟ್ ಮಾಡಿಸಿದಳು.

ಈ ಆಗಸ್ಟ್‌ನಲ್ಲಿ ನಳಿನಿಯ ಜಾಗದಲ್ಲಿ ಬಸವರಾಜ ಹೋದ. (ಟಿಕೆಟ್ಟಿನಲ್ಲಿ ಹೆಸರು ಬದಲಾಯಿಸಲು ಕಾಗದಪತ್ರ ಸ್ಕ್ಯಾನ್ ಮಾಡಿ ಕಳಿಸಿದವನು ನಾನೇ. ದೊಡ್ಡತನ ಅಂದುಕೊಳ್ಳಬೇಡಿ. ಕಳಿಸಿದ ಮೇಲೆ ಎರಡು ದಿನ ಬಸವರಾಜನ ಫೋನ್ ಎತ್ತಲಿಲ್ಲ.)

ಹೋದ ಶನಿವಾರ ಗಂಡ ಹೆಂಡತಿ ಐದು ಗಂಟೆ ಡ್ರೈವ್ ಮಾಡಿಕೊಂಡು ನನ್ನ ಮನೆಗೆ ಬಂದರು. ಕೈಯಲ್ಲಿ ಚಾಕೊಲೇಟ್ ಡಬ್ಬ. ಊಟದ ಟೇಬಲ್ಲಿನ ಹತ್ತಿರ ಕೂತು ಗಿರಿಜಾ ಪ್ರವಾಸದ ಕತೆ ಶುರು ಮಾಡಿದಳು. ನಾರ್ವೆ, ಡೆನ್ಮಾರ್ಕ್, ಎಲ್ಲ ಆಯಿತು. ಆಮೇಲೆ ಬ್ರೂಜ್ ಬಂತು.

ಬ್ರೂಜ್, ಅಲ್ಲಿಯವರ ಬಾಯಲ್ಲಿ ಬ್ರುಗ್ಗೆ, ಹಳೆಯ ಕಾಲುವೆಗಳ ಊರು. ಇಟ್ಟಿಗೆ ಮನೆಗಳ ಬುಡಕ್ಕೇ ನೀರು, ಕಲ್ಲಿನ ಸೇತುವೆಗಳು, ಹಂಸಗಳು. ಆದರೆ ಹಡಗು ಅಲ್ಲಿಗೆ ಹೋಗುವುದಿಲ್ಲ. ಹಡಗು ನಿಲ್ಲುವುದು ಝೀಬ್ರುಗ್ಗೆ ಎಂಬ ಬಂದರಿನಲ್ಲಿ. ಅಲ್ಲಿಂದ ಊರಿಗೆ ಇನ್ನೂ ಹತ್ತು ಮೈಲಿ.

"ಇವ್ರು ಏನು ಮಾಡಿದ್ರು ಗೊತ್ತೇನ್ರಿ ಅಣ್ಣಾರ?" ಎಂದಳು ಗಿರಿಜಾ, ಗಂಡನ ಕಡೆ ಕೈ ತೋರಿಸಿ. "ಬೋರ್ಡ್ ನೋಡಿ, ಬ್ರುಗ್ಗೆ ಅಂತ ಐತಲ್ಲ, ಬಂದೇಬಿಟ್ವಿ, ನಡಿ ನಡಕೋಂತ ಹೋಗೂಣು ಅಂದ್ರು. ಕಾಲುವೆ ಎಲ್ಲೈತ್ರಿ ಅಂದೆ. ಕ್ರೇನಿನ ಹಿಂದ ಇರಬೇಕು ಅಂದ್ರು."

"ಸಾಲಾಗಿ ಹೊಸಾ ಕಾರು ನಿಲ್ಲಿಸಿದ್ರು ರೀ," ಎಂದ ಬಸವರಾಜ. "ಸಾವಿರಗಟ್ಟಲೆ. ನಿಮ್ಮ ನೆನಪಾತು." (ನಾನು ಪ್ಲಿಮತ್‌ನಲ್ಲಿ ಕಾರಿನ ಭಾಗಗಳ ಅಳತೆ ನೋಡುವ ಕೆಲಸದವನು. ಜನಕ್ಕೆ ನನ್ನ ನೆನಪಾಗುವುದು ಪಾರ್ಕಿಂಗ್ ಲಾಟ್ ನೋಡಿದಾಗ.)

"ಆಮ್ಯಾಲ ನಾನು ಫೋನ್ ತಗದೆ," ಎಂದಳು ಗಿರಿಜಾ. "ನಳಿನಿ ಹೇಳಿಟ್ಟಿದ್ಲಲ್ರಿ ಎಲ್ಲಾ."

"ಏನು ಹೇಳಿಟ್ಟಿದ್ಲು?" ಎಂದೆ.

ಗಿರಿಜಾ ಫೋನಿನಿಂದ ತಲೆ ಎತ್ತಿದಳು. "ನಿಮಗ ಗೊತ್ತಿಲ್ಲೇನ್ರಿ? ನನಗ ಇಂಗ್ಲಿಷ್‌ನ್ಯಾಗ ಓದೂದು ಬ್ಯಾಸರ. ಆಕಿ ಓದಿ ಓದಿ ವಾಯ್ಸ್ ಮೆಸೇಜ್ ಕಳಸ್ತಿದ್ಲು. ಬ್ರೂಜಿಗೇ ಹದಿನಾಲ್ಕು ಅದಾವು."

ಹದಿನಾಲ್ಕು.

ಅವಳು ಒಂದನ್ನು ಒತ್ತಿದಳು. ಏಳು ತಿಂಗಳ ನಂತರ ನನ್ನ ಮನೆಯ ಟೇಬಲ್ ಮೇಲೆ ನಳಿನಿ ಮಾತಾಡಿದಳು.

"ಗಿರಿಜಾ, ಕೇಳಿಸ್ಕೋ. ನಾವಿಬ್ರೂ ಹಡಗು ಇಳಿದ್ವಿ ಅಂದ್ಕೋ. ನಡ್ಕೊಂಡು ಹೊರಡ್ಬೇಡ ಕಣೇ, ಬಂದರಿನ ಒಳಗೆ ನಡೆಯೋ ಹಾಗಿಲ್ಲ. ಶಟಲ್ ಬಸ್ ಇರತ್ತೆ. ಅದು ಪಕ್ಕದೂರಿನ ರೈಲ್ವೆ ಸ್ಟೇಷನ್‌ಗೆ ಬಿಡತ್ತೆ. ಊರ ಹೆಸರು ಬ್ಲಾಂಕೆನ್‌ಬೆರ್ಗ. ಮರೀತೀಯ ನೀನು. ಬ್ಲಾಂಕೆಟ್ ಹೊದ್ಕೊಂಡು ಬೆರಗಾಗಿ ನಿಂತ್ಕೋ. ಬ್ಲಾಂಕೆನ್, ಬೆರ್ಗ."

ಆಮೇಲೆ ನಕ್ಕಳು. ಆ ನಗೆ ನನಗೆ ಗೊತ್ತು. ಆದರೆ ಆ ನಗೆಯ ಹಿಂದಿದ್ದ ಮಾತು ನನಗಾಗಿ ಆಡಿದ್ದಲ್ಲ.

"ಭಾರಿ ಗೈಡ್ ರೀ ನಿಮ್ಮ ಮನಿಯವ್ರು," ಎಂದ ಬಸವರಾಜ. "ಒಂದ್ ತಪ್ಪಿಲ್ಲ. ರೈಲಿನ ಬೋರ್ಡ್‌ನ್ಯಾಗ ಬ್ರೂಜ್ ಅಂತ ಬರಂಗಿಲ್ಲ, ಬ್ರುಗ್ಗೆ ಅಂತ ಬರ್ತೈತಿ, ಅದನ್ನೂ ಹೇಳ್ಯಾರ."

ಅವನು ಒಳ್ಳೆಯವನು. ಆ ಕ್ಷಣದಲ್ಲಿ ಅವನನ್ನು ಕಂಡರೆ ಆಗಲಿಲ್ಲ. ನನ್ನ ಹೆಂಡತಿ "ನಾವಿಬ್ರೂ" ಎಂದ ಕಡೆಯಲ್ಲೆಲ್ಲ ಇವನು ನಡೆದು ಬಂದಿದ್ದ. ಅವಳು ಹೇಳಿದ ರೈಲು ಹತ್ತಿದ್ದ. ಕಿಟಕಿಯ ಪಕ್ಕ ಕೂತಿದ್ದನಾ? ಕೇಳಲಿಲ್ಲ.

ಸ್ವಲ್ಪ ನಿಲ್ಲಿ. ನಿಮ್ಮ ಫೋನ್ ತೆಗೆಯಿರಿ. ಗಂಡನಿಂದಲೋ ಹೆಂಡತಿಯಿಂದಲೋ ಬಂದ ಕೊನೆಯ ಹತ್ತು ಮೆಸೇಜ್ ನೋಡಿ. ನನ್ನ ಫೋನಿನಲ್ಲಿ ಇರುವುದು ಇಂಥವು: ಹಾಲು. ಕೊತ್ತಂಬರಿ ಸೊಪ್ಪು. ಹೊರಟ್ರಾ? ಫೋರ್ಡ್ ರೋಡ್ ಎಕ್ಸಿಟ್ ಕ್ಲೋಸ್, ಪ್ಲಿಮತ್ ಊರೊಳಗಿಂದಲೇ ಬನ್ನಿ. ಸರಿ. ಸರಿ. ಫರ್ನೆಸ್ ರಿಪೇರಿಯವನು ಬಂದ.

ಒಂದರಲ್ಲೂ ದನಿ ಇಲ್ಲ. ಯಾಕೆ ಇರಬೇಕು? ಒಂದೇ ಮನೆಯಲ್ಲಿ ಇದ್ದವರು ನಾವು. ದನಿ ದಿನವೂ ಸಿಗುತ್ತಿತ್ತು. ಅದನ್ನು ಉಳಿಸಿಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಗಿರಿಜಾ ಇನ್ನೂ ಕೆಲವನ್ನು ಹಾಕಿದಳು. ಎಲ್ಲದರ ಹಿನ್ನೆಲೆಯಲ್ಲೂ ಒಂದೇ ಸಣ್ಣ ಟಿಕ್ ಟಿಕ್ ಸದ್ದು. ಮೂರನೆಯದಕ್ಕೆ ಗುರುತು ಸಿಕ್ಕಿತು. ಎಂಜಿನ್ ಆರಿಸಿದ ಮೇಲೆ ನಮ್ಮ ಹಳೆಯ ಕಾರು ತಣ್ಣಗಾಗುವಾಗ ಬರುವ ಸದ್ದು ಅದು.

ಸಂಜೆ ಕೆಲಸದಿಂದ ಬಂದು ನಳಿನಿ ಗ್ಯಾರೇಜಿನಲ್ಲಿ ಕಾರಿನಲ್ಲೇ ಹತ್ತು ನಿಮಿಷ ಕೂತಿರುತ್ತಿದ್ದಳು. ಸುಸ್ತು ಎಂದುಕೊಂಡಿದ್ದೆ. ಒಳಗೆ ನಾನು ಕಾಫಿ ಬೆರೆಸಿ ಕಾಯುತ್ತಿದ್ದೆ. ಅವಳು ಅಲ್ಲಿ, ನನ್ನಿಂದ ಒಂದು ಬಾಗಿಲಿನ ಆಚೆ, ಗಿರಿಜಾಳ ಜೊತೆ ಬೆಲ್ಜಿಯಂನಲ್ಲಿ ನಡೆಯುತ್ತಿದ್ದಳು.

ಎಂಟನೆಯ ಮೆಸೇಜಿನಲ್ಲಿ ಅವರಿಬ್ಬರೂ ರೈಲು ಇಳಿದು, ಕೆರೆಯಂಥ ಒಂದು ನೀರಿನ ದಡದಲ್ಲಿ ನಡೆದು, ಸೇತುವೆಯ ಮೇಲೆ ಬಂದಿದ್ದಾರೆ. "ಇಲ್ಲಿ ಸ್ವಲ್ಪ ನಿಂತ್ಕೊಳ್ಳೋಣ. ಅರ್ಜೆಂಟ್ ಏನಿಲ್ಲ. ಗಿರಿಜಾ, ನಿನಗೊಂದು ಹೇಳ್ಬೇಕು ಕಣೇ," ಎನ್ನುತ್ತಾಳೆ. ಬಾಗಿಲು ತೆರೆದ ಶಬ್ದ. ದೂರದಿಂದ ಗಂಡಸಿನ ದನಿ: "ಕಾಫಿ ಆರಿಹೋಗ್ತಿದೆ." ನಳಿನಿ ದನಿ ಇಳಿಸುತ್ತಾಳೆ. "ಇವ್ರು ಬಂದ್ರು. ಆಮೇಲೆ ಹೇಳ್ತೀನಿ."

ಅಷ್ಟೂ ಮೆಸೇಜಿನಲ್ಲಿ ನಾನು ಬರುವುದು ಅಲ್ಲಿ ಮಾತ್ರ.

"ಮುಂದಿಂದು ಹಾಕು," ಎಂದೆ.

ಗಿರಿಜಾ ಫೋನನ್ನು ಮಗುಚಿ ಇಟ್ಟಳು. "ಅದು ಬ್ಯಾಡ ಬಿಡ್ರಿ ಅಣ್ಣಾರ."

"ಯಾಕೆ?"

"ಹನ್ನೊಂದು ನಿಮಗ ಫಾರ್ವರ್ಡ್ ಮಾಡ್ತೀನಿ. ಈಗಿಂದೀಗ ಮಾಡ್ತೀನಿ. ನಡುವಿನ ಮೂರು ಕೊಡಂಗಿಲ್ಲ."

"ಅವಳು ನನ್ನ ಹೆಂಡತಿ, ಗಿರಿಜಾ."

"ಹೌದ್ರಿ. ನನಗ ಗೆಳತಿ. ಯಾರ ಮುಂದೂ ಹಾಕಬ್ಯಾಡ ಅಂದಾಳ. ಇವ್ರ ಮುಂದನೂ ಹಾಕಿಲ್ಲ. ಆ ಸೇತುವಿ ಮ್ಯಾಲೆ ಇವ್ರನ್ನ ಮುಂದ ಕಳಿಸಿ ಒಬ್ಬಾಕಿನ ಕೇಳೀನಿ."

"ಕೊಟ್ಟುಬಿಡ," ಎಂದ ಬಸವರಾಜ ಮೆಲ್ಲಗೆ. "ಪಾಪ."

"ನೀವು ಚಾ ಕುಡೀರಿ," ಎಂದಳು ಅವಳು.

ಆ "ಪಾಪ" ನನಗೆ ಚುಚ್ಚಿತು. ಆದರೂ ಇನ್ನೊಂದು ಸಲ ಕೇಳಿದೆ. ದನಿ ಏರಿತ್ತೇನೋ. ಗಿರಿಜಾ ಅತ್ತಳು. ಕೊಡಲಿಲ್ಲ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಮಾಡಿಟ್ಟು, ನನ್ನ ಫ್ರಿಜ್ ತುಂಬಿಸಿ, ಹೊರಟುಹೋದರು.

ಮಗಳಿಗೆ ಫೋನ್ ಮಾಡಿದೆ. ಫೋನ್ ಕಂಪನಿಯವರನ್ನು ಕೇಳಿದರೆ ಅಮ್ಮನ ಹಳೆಯ ಮೆಸೇಜು ಸಿಗುತ್ತದಾ, ಅವಳ ಫೋನು ಇನ್ನೂ ನನ್ನ ಹತ್ತಿರವೇ ಇದೆ, ಲಾಕ್ ತೆಗೆಯಬಹುದಾ ಎಂದೆಲ್ಲ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಡ್ಯಾಡ್," ಎಂದಳು, "ದೋಸ್ ಆರ್ ನಾಟ್ ಯುವರ್ ಮೆಸೇಜಸ್." ಅವಳ ಕನ್ನಡಕ್ಕಿಂತ ಅವಳ ಇಂಗ್ಲಿಷ್ ನನಗೆ ಯಾವಾಗಲೂ ಹೆಚ್ಚು ಅರ್ಥವಾಗಿದೆ.

ಈ ವಾರ ಹನ್ನೊಂದನ್ನೂ ಕೇಳಿದ್ದೇನೆ. ಎಷ್ಟು ಸಲ ಎಂದು ಹೇಳುವುದಿಲ್ಲ. ಝೀಬ್ರುಗ್ಗೆಯಲ್ಲಿ ಇಳಿಸಿದರೆ ಯಾರನ್ನೂ ಕೇಳದೆ ಊರಿನ ಕಡೆಗೆ ಹೋಗಬಲ್ಲೆ. ಬಸ್ಸು, ಸ್ಟೇಷನ್, ಕಾಲು ಗಂಟೆಯ ರೈಲು, ನೀರಿನ ದಡ, ಸೇತುವೆ. ಅಲ್ಲಿ ದಾರಿ ಕಡಿದುಹೋಗುತ್ತದೆ. ಮುಂದಿನ ಮೆಸೇಜಿನಲ್ಲಿ ಅವರಾಗಲೇ ಗಂಟೆಗೋಪುರದ ಚೌಕದಲ್ಲಿ ನಿಂತಿದ್ದಾರೆ. ನಳಿನಿ ಆಲೂಗಡ್ಡೆ ಫ್ರೈಸ್ ಎಲ್ಲಿ ಚೆನ್ನಾಗಿರುತ್ತದೆ ಎಂದು ಹೇಳುತ್ತಿದ್ದಾಳೆ. ದನಿ ಹಗುರಾಗಿದೆ. ಏನನ್ನೋ ಇಳಿಸಿ ಬಂದವಳ ಹಾಗೆ.

ಏನನ್ನು ಇಳಿಸಿದಳು? ನನ್ನ ಬಗ್ಗೆ ದೂರೇ ಇರಲಿ. ಇಪ್ಪತ್ತಾರು ವರ್ಷದ ಸಂಸಾರದ್ದು ಬೇಕಾದಷ್ಟು ಇರುತ್ತದೆ, ನಾನೇ ಪಟ್ಟಿ ಮಾಡಿ ಕೊಡಬಲ್ಲೆ. ದೂರಲ್ಲದೆ ಇನ್ನೇನೋ ಭಯವಾ? ಎದೆಯಲ್ಲಿ ಆಗಲೇ ನೋವು ಇತ್ತಾ? ಅದನ್ನೂ ಗಿರಿಜಾಗೇ ಹೇಳಿದಳಾ? ಅದಕ್ಕೂ ಹೊಟ್ಟೆಕಿಚ್ಚು ಪಡುತ್ತೇನೆ ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಪಡುತ್ತಿದ್ದೇನೆ. ಸತ್ತವರನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕಾಗುತ್ತದೆ ಎಂದು ಸಾಂತ್ವನ ಹೇಳಲು ಬಂದವರು ಯಾರೂ ಹೇಳಿರಲಿಲ್ಲ. ಅದರಲ್ಲೂ ನನ್ನ ಪಾಲು ಚಿಕ್ಕದಿರಬಹುದು ಎಂದಂತೂ ಹೇಳಿರಲಿಲ್ಲ.

ಗಿರಿಜಾ, ನೀನು ಈ ಅಂಕಣ ಓದುತ್ತೀ ಎಂದು ಗೊತ್ತು. ಆ ಮೂರನ್ನು ಇನ್ನು ಕೇಳುವುದಿಲ್ಲ. ನಿನ್ನ ಹತ್ತಿರವೇ ಇರಲಿ.

ಒಂದು ಮಾತ್ರ ಹೇಳು: ಅವುಗಳಲ್ಲಿ ಎಲ್ಲಾದರೂ ಅವಳು ನನ್ನ ಹೆಸರು ಹೇಳಿದ್ದಾಳಾ, ಅಥವಾ ಅಲ್ಲೂ ನಾನು ಬರೀ "ಇವ್ರು" ಆಗಿಯೇ ಇದ್ದೇನಾ?